ರಾಗಿ ಹೂ ಬಿಡುವ ಹೊತ್ತು

ರಾಗಿಗೂ ಹೂವಿದೆ ಅಂತ ನನಗೆ ಸರಿಯಾಗಿ ಗೊತ್ತಾಗಿದ್ದು ಎಂ.ಎಸ್ಸಿ.ಗೆ ಸೇರಿದ ಮೇಲೆ. ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ರಾಗಿ ಹೊಲದ ನಡುವೆಯೇ ಬೆಳೆದವಳು ನಾನು. ಕಳೆ ಕಿತ್ತಿದ್ದೇನೆ. ತೆನೆ ಕೊಯ್ದಿದ್ದೇನೆ. ಮೆದೆ ಒಟ್ಟುವಾಗ ಮೇಲೆ ಹತ್ತಿ ಹೊರೆ ಹಿಡಿದಿದ್ದೇನೆ. ಹೂವನ್ನು ಮಾತ್ರ ಒಂದು ದಿನವೂ ನೋಡಿರಲಿಲ್ಲ. ಅಜ್ಜಿಯನ್ನು ಕೇಳಿದೆ. "ರಾಗಿಗೆ ಹೂವೆಲ್ಲಿ ಬಂತಮ್ಮ? ಹೊಡೆ ಬರ್ತದೆ, ತೆನೆ ಬಿಚ್ಕೊಳ್ತದೆ, ಹಾಲುಗಾಳಾಗ್ತದೆ, ಬಲೀತದೆ. ಅಷ್ಟೇ" ಅಂದಳು.

ಅಜ್ಜಿ ನೋಡದೇ ಇದ್ದಿದ್ದಕ್ಕೆ ಕಾರಣವಿದೆ. ರಾಗಿ ಹೂ ಬಿಡೋದು ನಡುರಾತ್ರಿ ಒಂದು ಗಂಟೆಯಿಂದ ಬೆಳಗಿನ ಜಾವ ಐದರೊಳಗೆ. ಹೂವು ಅಂದರೆ ಎಳ್ಳು ಕಾಳಿನಷ್ಟೂ ಇಲ್ಲ. ಎರಡು ಹಸಿರು ಸಿಪ್ಪೆ ಸ್ವಲ್ಪ ಬಾಯಿ ಬಿಡುತ್ತವೆ. ಒಳಗಿಂದ ಮೂರು ಪರಾಗದ ಚೀಲ ಹೊರಗೆ ಇಣುಕುತ್ತವೆ. ಹೆಣ್ಣಿನ ಭಾಗ ಎರಡು ಪುಟ್ಟ ಗರಿಗಳ ಹಾಗೆ ಒಳಗೇ ಇರುತ್ತದೆ. ಚೀಲ ಒಡೆದು ಪರಾಗ ಅದೇ ಗರಿಯ ಮೇಲೆ ಉದುರುತ್ತದೆ. ಸ್ವಲ್ಪ ಹೊತ್ತಿಗೆ ಸಿಪ್ಪೆ ಮುಚ್ಚಿಕೊಳ್ಳುತ್ತದೆ. ಬೆಳಿಗ್ಗೆ ನಾವು ಹೊಲಕ್ಕೆ ಹೋಗುವಾಗ ಎಲ್ಲ ಮುಗಿದಿರುತ್ತದೆ. ಒಣಗಿದ ಪರಾಗದ ಚೀಲಗಳು ತೆನೆಗೆ ಅಂಟಿಕೊಂಡಿರುತ್ತವೆ, ನಾವು ಅದನ್ನು ಧೂಳು ಅಂದುಕೊಳ್ಳುತ್ತೇವೆ.

ನೂರು ಕಾಳಿನಲ್ಲಿ ಒಂದು ಕೂಡ ಬೇರೆ ಗಿಡದ ಪರಾಗದಿಂದ ಕಟ್ಟುವುದು ಅಪರೂಪ. ಅದಕ್ಕೇ ರೈತರು ಒಂದೇ ತಳಿಯನ್ನು ತಲೆತಲಾಂತರ ಕೆಡದ ಹಾಗೆ ಇಟ್ಟುಕೊಂಡು ಬಂದಿದ್ದಾರೆ. ಅದೇ ಕಾರಣಕ್ಕೆ ಎರಡು ರಾಗಿ ತಳಿಗಳನ್ನು ಬೆರೆಸುವುದು ತುಂಬಾ ಕಷ್ಟ. ಆ ಕಷ್ಟದ ಕೆಲಸವನ್ನು ನಾನು ಎರಡು ಮಳೆಗಾಲ ಮಾಡಿದೆ. ಅದರ ಬಗ್ಗೆಯೇ ಬರೆಯುತ್ತಿದ್ದೇನೆ.

ಯಾಕೆ ಮಾಡಿದೆ ಅಂತ ಮೊದಲು ಹೇಳಬೇಕು. ನಾನು ಪಿಯುಸಿ ಓದುತ್ತಿದ್ದ ವರ್ಷ, ತೆನೆ ಬಂದ ಹೊತ್ತಿಗೆ ಸರಿಯಾಗಿ ಮೋಡ ಕವಿದು ಜಡಿಮಳೆ ಹಿಡಿಯಿತು. ಹತ್ತು ಹದಿನೈದು ದಿನ ಬಿಸಿಲೇ ಇಲ್ಲ. ತೆನೆಯ ಕೆಳಗೆ ಕುತ್ತಿಗೆ ಕಪ್ಪಗಾಯಿತು. ಆಮೇಲೆ ಅಲ್ಲಿಗೇ ಮುರಿದು ತೆನೆ ಜೋತು ಬಿತ್ತು. ಕೈಯಲ್ಲಿ ಉಜ್ಜಿದರೆ ಬರೀ ಜೊಳ್ಳು. ಬೆಂಕಿ ರೋಗ. ಹೆಸರು ಇಟ್ಟವರು ಹೊಲ ನೋಡಿಯೇ ಇಟ್ಟಿರಬೇಕು, ದೂರದಿಂದ ನೋಡಿದರೆ ಸುಟ್ಟ ಹಾಗೇ ಕಾಣುತ್ತದೆ. ಈ ರೋಗ ತಡೆಯುವ ಜಿಪಿಯು-28 ಅನ್ನೋ ತಳಿ ಆಗಲೇ ಊರಲ್ಲೆಲ್ಲ ಇತ್ತು. ಅಪ್ಪ ಅದನ್ನೂ ಹಾಕುತ್ತಿದ್ದರು. ಆದರೆ ಒಂದು ಎಕರೆ ಮಾತ್ರ ಅಜ್ಜಿ ಕಾಲದ ನಾಟಿ ರಾಗಿಗೇ ಮೀಸಲು. ಅದರ ಹುಲ್ಲು ಎತ್ತರ, ಮೆತ್ತಗೆ, ದನ ಒಂದು ಕಡ್ಡಿ ಬಿಡದೆ ತಿನ್ನುತ್ತವೆ. ನಮ್ಮ ಕಡೆ ಮನೆ ನಡೆಯುವುದೇ ಹಾಲಿನ ದುಡ್ಡಿನಿಂದ. ಡೈರಿಗೆ ಹಾಲು ಹಾಕುವವರಿಗೆ ರಾಗಿ ಅಂದರೆ ಕಾಳು ಅರ್ಧ, ಹುಲ್ಲು ಅರ್ಧ. ಆ ವರ್ಷ ಹೋಗಿದ್ದು ಆ ಒಂದು ಎಕರೆ. ಅಪ್ಪ ಏನೂ ಮಾತಾಡಲಿಲ್ಲ. ಅಜ್ಜಿ ಮಾತ್ರ ಕಣದಲ್ಲಿ ಜೊಳ್ಳು ತೂರುತ್ತಾ ಚೆನ್ನಾಗಿರುವ ಕಾಳು ಆರಿಸಿ ಒಂದು ಸೇರು ಬೀಜಕ್ಕೆ ಅಂತ ಗಡಿಗೆಯಲ್ಲಿ ತುಂಬಿಟ್ಟಳು.

ಆ ಬೀಜವೇ ಮುಂದೆ ನನ್ನ ಕ್ರಾಸಿನ, ಅಂದರೆ ಎರಡು ತಳಿ ಬೆರೆಸುವ ಕೆಲಸದ, ತಾಯಿ ಆಯಿತು.

ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಪಿಎಚ್.ಡಿ.ಗೆ ಸೇರಿದಾಗ ಗೈಡ್ ಮೇಡಂಗೆ ಈ ಕಥೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. "ಸರಿ, ನಿಮ್ಮಜ್ಜಿ ರಾಗಿ ತಾಯಿ ಆಗಲಿ. ತಂದೆಯನ್ನು ನಾವು ಹುಡುಕೋಣ" ಅಂದರು. ತಂದೆ ಸಿಕ್ಕಿತು. ಬೆಂಕಿ ರೋಗ ಚೆನ್ನಾಗಿ ತಡೆಯುವ ಒಂದು ಸಂಗ್ರಹದ ತಳಿ. ಅದಕ್ಕೆ ಇನ್ನೊಂದು ಗುಣ ಇತ್ತು, ಅದೇ ನಮಗೆ ಮುಖ್ಯ: ಅದರ ಗಿಣ್ಣು, ಎಲೆಯ ಬುಡ ಎಲ್ಲ ನೇರಳೆ ಬಣ್ಣ. ನಮ್ಮ ನಾಟಿ ರಾಗಿ ಪೂರ್ತಿ ಹಸಿರು. ನೇರಳೆ ಬಣ್ಣ ಹಸಿರನ್ನು ಮೀರಿಸುತ್ತದೆ. ಹಸಿರು ತಾಯಿಯ ಮೇಲೆ ನೇರಳೆ ತಂದೆಯ ಪರಾಗ ಬಿದ್ದು ಕಾಳು ಕಟ್ಟಿದ್ದರೆ, ಆ ಕಾಳಿನಿಂದ ಬರುವ ಸಸಿ ನೇರಳೆ ಆಗಿರುತ್ತದೆ. ತಾಯಿ ತನ್ನದೇ ಪರಾಗದಿಂದ ಕಟ್ಟಿದ ಕಾಳಾದರೆ ಸಸಿ ಹಸಿರು. ಅಷ್ಟು ಸುಲಭದ ಗುರುತು. ಯಾವ ಯಂತ್ರವೂ ಬೇಡ, ಕಣ್ಣು ಸಾಕು.

ಒಂದು ತೆನೆಯಲ್ಲಿ ಬೆರಳಿನ ಹಾಗೆ ಐದಾರು ಕವಲು, ಅದಕ್ಕೆ ಇಲುಕು ಅನ್ನುತ್ತೇವೆ. ಒಂದೊಂದು ಇಲುಕಿನಲ್ಲಿ ಅರವತ್ತು ಎಪ್ಪತ್ತು ಗೊಂಚಲು. ಒಂದೊಂದು ಗೊಂಚಲಿನಲ್ಲಿ ನಾಲ್ಕರಿಂದ ಏಳು ಹೂವು. ಲೆಕ್ಕ ಹಾಕಿದರೆ ಒಂದೇ ತೆನೆಯಲ್ಲಿ ಸಾವಿರಕ್ಕೂ ಜಾಸ್ತಿ. ಈ ಒಂದೊಂದು ಹೂವಿನಿಂದಲೂ, ಅದು ತನ್ನನ್ನು ತಾನೇ ಫಲ ಮಾಡಿಕೊಳ್ಳುವ ಮೊದಲು, ಮೂರು ಪರಾಗದ ಚೀಲ ತೆಗೆಯಬೇಕು. ಒಂದು ಚೀಲ ಒಂದು ಮಿಲಿಮೀಟರ್ ಉದ್ದವೂ ಇಲ್ಲ. ಪುಸ್ತಕದಲ್ಲಿ ಇದಕ್ಕೆ ಎಮಾಸ್ಕುಲೇಶನ್ ಅನ್ನುತ್ತಾರೆ. ನಮ್ಮ ತಾಕಿನಲ್ಲಿ, ಅಂದರೆ ಪ್ರಯೋಗದ ಹೊಲದಲ್ಲಿ, ಗಂಡು ತೆಗೆಯೋದು ಅನ್ನುತ್ತೇವೆ.

ಮೊದಲನೇ ವರ್ಷ ನಾನು ಆರಿಸಿಕೊಂಡಿದ್ದು ಬಿಸಿನೀರಿನ ದಾರಿ. ಹೂ ಬಿಡುವ ಮೊದಲೇ ತೆನೆಯನ್ನು ಬಿಸಿನೀರಿನಲ್ಲಿ ಅದ್ದಬೇಕು. 52 ಡಿಗ್ರಿಗೆ ಪರಾಗ ಸಾಯುತ್ತದೆ, ಹೆಣ್ಣಿನ ಭಾಗ ತಡೆದುಕೊಳ್ಳುತ್ತದೆ. ಇದು ಹಳೆಯ ವಿಧಾನ, ದಶಕಗಳಿಂದ ಬಳಕೆಯಲ್ಲಿದೆ. ಥರ್ಮಾಸ್ ಫ್ಲಾಸ್ಕಿನಲ್ಲಿ ನೀರು ತುಂಬಿಕೊಂಡು ತಾಕಿಗೆ ಹೋಗುತ್ತಿದ್ದೆ. ಗಿಡ ಮೆಲ್ಲಗೆ ಬಗ್ಗಿಸಿ, ತೆನೆ ಫ್ಲಾಸ್ಕಿನೊಳಗೆ ಇಳಿಸಿ, ಐದು ನಿಮಿಷ ಮೊಬೈಲಿನಲ್ಲಿ ಎಣಿಸಿ ತೆಗೆಯುತ್ತಿದ್ದೆ. ಆಮೇಲೆ ತಂದೆ ಗಿಡದ ತೆನೆ ತಂದು ಅದರ ಜೊತೆ ಕಟ್ಟಿ, ಎರಡಕ್ಕೂ ಸೇರಿಸಿ ಒಂದು ಬಟರ್ ಪೇಪರ್ ಚೀಲ ಹಾಕುತ್ತಿದ್ದೆ. ರಾತ್ರಿ ತಂದೆಯ ಪರಾಗ ತಾನಾಗಿಯೇ ಉದುರಲಿ ಅಂತ. ನಲವತ್ತು ತೆನೆ ಹೀಗೆ ಮಾಡಿದೆ. ಕಾಳು ಚೆನ್ನಾಗಿ ಕಟ್ಟಿತು. ನನಗೆ ಎಷ್ಟು ಸಂತೋಷ ಅಂದರೆ, ಮನೆಗೆ ಫೋನ್ ಮಾಡಿ ಆಗಿಹೋಯಿತು ಅಂತಲೇ ಹೇಳಿಬಿಟ್ಟೆ.

ಬೇಸಿಗೆಯಲ್ಲಿ ಆ ಕಾಳನ್ನು ಟ್ರೇಗಳಲ್ಲಿ ಹಾಕಿದೆ. ಸಾವಿರಾರು ಸಸಿ ಬಂದವು. ದಿನಾ ಬೆಳಿಗ್ಗೆ ಮೊಣಕಾಲೂರಿ ಬುಡ ನೋಡುತ್ತಿದ್ದೆ. ಹಸಿರು. ಹತ್ತು ದಿನ ಆಯಿತು, ಹಸಿರು. ಇಪ್ಪತ್ತು ದಿನ ಆಯಿತು. ಒಂದೇ ಒಂದು ನೇರಳೆ ಸಸಿ ಇಲ್ಲ.

ತಪ್ಪು ಎಲ್ಲಿ ಆಯಿತು ಅಂತ ಹುಡುಕಲು ಒಂದು ವಾರ ಬೇಕಾಯಿತು. ನಾನು ನೀರಿನ ಬಿಸಿ ನೋಡುತ್ತಿದ್ದದ್ದು ಕೊಠಡಿಯಲ್ಲಿ. ಅಲ್ಲಿಂದ ತಾಕಿಗೆ ನಡೆದು, ಮುಚ್ಚಳ ತೆಗೆದು, ಮೂರು ನಾಲ್ಕು ತೆನೆ ಅದ್ದುವಷ್ಟರಲ್ಲಿ 52 ಇದ್ದದ್ದು 47ಕ್ಕೆ ಇಳಿಯುತ್ತಿತ್ತು. ಐದು ಡಿಗ್ರಿ. ಪರಾಗಕ್ಕೆ ಅದು ಬರೀ ಬೆಚ್ಚನೆಯ ಸ್ನಾನ. ಒಂದೂ ಸತ್ತಿರಲಿಲ್ಲ. ತಾಯಿ ತನ್ನ ಕೆಲಸ ತಾನು ಮಾಡಿಕೊಂಡಿತ್ತು. ಈ ಕೆಲಸಕ್ಕೆ ಕೈ ಹಾಕುವವರು ದಯವಿಟ್ಟು ಗಮನಿಸಿ: ಪ್ರತಿ ತೆನೆ ಅದ್ದುವ ಮೊದಲು ಫ್ಲಾಸ್ಕಿನೊಳಗೆ ಥರ್ಮಾಮೀಟರ್ ಇಳಿಸಿ ನೋಡಿ. ಪಕ್ಕದಲ್ಲೇ ಒಂದು ಕೆಟಲಿನಲ್ಲಿ ಬಿಸಿನೀರು ಇಟ್ಟುಕೊಳ್ಳಿ. ನನ್ನ ಒಂದು ವರ್ಷ ಹೋಗಿದ್ದು ಇಷ್ಟಕ್ಕೆ.

ಆ ದಿನಗಳಲ್ಲಿ ಒಬ್ಬರು ಜಾಸ್ತಿ ನೆನಪಾಗುತ್ತಿದ್ದರು. ರಾಗಿ ಲಕ್ಷ್ಮಣಯ್ಯ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ನಮ್ಮ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಬೆರೆಸಿ ಇಂಡಾಫ್ ತಳಿಗಳನ್ನು ಕೊಟ್ಟವರು. ಇಂಡಿಯಾದ ಮೊದಲ ಅಕ್ಷರಗಳು, ಆಫ್ರಿಕಾದ ಮೊದಲ ಅಕ್ಷರಗಳು ಸೇರಿ ಆದ ಹೆಸರು ಅದು. ಅಜ್ಜಿಗೆ ಇಂಡಾಫ್ ಗೊತ್ತು, ಲಕ್ಷ್ಮಣಯ್ಯ ಗೊತ್ತಿಲ್ಲ. ಅವರು ಈ ಕೆಲಸ ಶುರು ಮಾಡಿದ ಕಾಲಕ್ಕೆ ತಲೆಗೆ ಕಟ್ಟುವ ಟಾರ್ಚ್ ಇಲ್ಲ, ಡಿಎನ್‌ಎ ಪರೀಕ್ಷೆ ಇಲ್ಲ. ಇದೇ ಹೂವು, ಇದೇ ಕತ್ತಲೆ. ಅವರು ಮಾಡಿದ್ದಾರೆ ಅಂದಮೇಲೆ ಆಗುವ ಕೆಲಸವೇ ಅಂತ ನನಗೆ ನಾನೇ ಹೇಳಿಕೊಂಡೆ.

ಎರಡನೇ ವರ್ಷ ದಾರಿ ಬದಲಾಯಿಸಿದೆ. ರಾತ್ರಿ ಹೂ ಬಿಡುವಾಗಲೇ ಹೋಗಿ ಕೈಯಲ್ಲೇ ಗಂಡು ತೆಗೆಯೋದು ಅಂತ ತೀರ್ಮಾನಿಸಿದೆ.

ಮೊದಲ ಕೆಲಸ, ತಾಯಿ ತಂದೆ ಒಟ್ಟಿಗೆ ಹೂ ಬಿಡುವ ಹಾಗೆ ಮಾಡುವುದು. ನಮ್ಮ ನಾಟಿ ರಾಗಿ ನಿಧಾನ. ತಂದೆ ತಳಿ ಅವಸರದ್ದು. ಅದಕ್ಕೆ ತಾಯಿಯನ್ನು ಜುಲೈ ಮೊದಲ ವಾರವೇ ನೆಲದಲ್ಲಿ ಹಾಕಿ, ತಂದೆಯನ್ನು ವಾರಕ್ಕೊಮ್ಮೆ ನಾಲ್ಕು ಸಲ ಕುಂಡಗಳಲ್ಲಿ ಹಾಕಿದೆ. ಕುಂಡ ಯಾಕೆ ಅಂದರೆ, ರಾತ್ರಿ ತಂದೆಯನ್ನು ಎತ್ತಿಕೊಂಡು ತಾಯಿಯ ಹತ್ತಿರ ಹೋಗಬಹುದು. ರಾಗಿ ಪರಾಗ ಬದುಕಿರುವುದು ಹತ್ತು ಹದಿನೈದು ನಿಮಿಷ. ತಾಕಿನ ಆ ಕೊನೆಯಿಂದ ಈ ಕೊನೆಗೆ ತೆನೆ ಕಿತ್ತು ತರುವಷ್ಟರಲ್ಲಿ ಅರ್ಧ ಆಯುಸ್ಸು ಮುಗಿದಿರುತ್ತದೆ. ಹೆಣ್ಣಿನ ಗರಿ ಮಾತ್ರ ಸುಮಾರು ಐದು ಗಂಟೆ ಕಾಯುತ್ತದೆ.

ಎರಡನೇ ಕೆಲಸ, ಜೊತೆಗೆ ಒಬ್ಬರು ಬೇಕು. ಚಿಂತಾಮಣಿ ಹೊರಗಿನ ಆ ತಾಕಿನಲ್ಲಿ ಎಷ್ಟೋ ವರ್ಷದಿಂದ ಕೆಲಸ ಮಾಡುತ್ತಿರುವ ಅಕ್ಕ ಒಬ್ಬರಿದ್ದಾರೆ. ಹಿಂದೆ ಟೊಮೆಟೊ ಬೀಜದ ಹೊಲದಲ್ಲಿ ಕ್ರಾಸಿಂಗ್ ಮಾಡಿದವರು. ಹೂವಿನ ಮೊಗ್ಗು ಬಿಡಿಸಿ ಗಂಡು ತೆಗೆಯೋದರಲ್ಲಿ ಅವರ ಕೈ ಪಳಗಿದೆ. ರಾಗಿ ಹೂ ತೋರಿಸಿದೆ. ಲೆನ್ಸ್ ಹಿಡಿದು ಸುಮಾರು ಹೊತ್ತು ನೋಡಿದರು. "ಟೊಮೆಟೊ ಮುಂದೆ ಇದು ಇರುವೆ ಕಣಮ್ಮ. ಆದ್ರೂ ಕೂತ್ಕೊಂಡು ಮಾಡಿದ್ರೆ ಆಗ್ತದೆ" ಅಂದರು. ಅವರ ಮಾತಿನಿಂದ ನನಗೆ ಬಂದ ಧೈರ್ಯ ಯಾವ ಪುಸ್ತಕದಿಂದಲೂ ಬಂದಿರಲಿಲ್ಲ. ರಾತ್ರಿ ಇಬ್ಬರೇ ಹೆಂಗಸರು ಹೊಲದಲ್ಲಿ ಇರೋದು ಬೇಡ ಅಂತ ಅಪ್ಪ ಬಂದು ಬದುವಿನ ಮೇಲೆ ಗೋಣಿ ಹಾಸಿಕೊಂಡು ಕೂರುತ್ತಿದ್ದರು.

ಸೆಪ್ಟೆಂಬರ್ ಕೊನೆಗೆ ತೆನೆ ಬಿಚ್ಚಿಕೊಂಡವು. ಹೂ ಬಿಡೋದು ಇಲುಕಿನ ತುದಿಯಿಂದ ಶುರುವಾಗಿ ಕೆಳಗೆ ಇಳಿಯುತ್ತದೆ. ಗೊಂಚಲಿನ ಒಳಗೆ ಮಾತ್ರ ತಿರುವುಮುರುವು, ಕೆಳಗಿನ ಹೂ ಮೊದಲು, ಮೇಲಿನದು ಆಮೇಲೆ. ಒಂದು ಗೊಂಚಲಿನಲ್ಲಿ ದಿನಕ್ಕೆ ಒಂದೇ ಹೂ. ಹಾಗಾಗಿ ಒಂದು ತೆನೆ ಹೂ ಬಿಟ್ಟು ಮುಗಿಸಲು ಒಂದು ವಾರ. ಅಷ್ಟು ರಾತ್ರಿಯೂ ಹೋಗಲೇಬೇಕು.

ನಮ್ಮ ಒಂದು ರಾತ್ರಿ ಹೇಗಿರುತ್ತಿತ್ತು ಹೇಳುತ್ತೇನೆ.

ಸಂಜೆ ಆರಕ್ಕೆ ತಾಯಿ ಗಿಡಗಳ ಹತ್ತಿರ ಹೋಗುತ್ತೇವೆ. ಆರಿಸಿದ ತೆನೆಯಲ್ಲಿ ಎರಡು ಇಲುಕು ಬಿಟ್ಟು ಉಳಿದದ್ದನ್ನು ಕತ್ತರಿಸುತ್ತೇವೆ. ಆ ಎರಡರಲ್ಲೂ ಆಗಲೇ ಹೂ ಬಿಟ್ಟು ಮುಗಿಸಿದ ತುದಿ ಕತ್ತರಿಸುತ್ತೇವೆ. ತೆನೆಗೆ ನೀರು ಚಿಮುಕಿಸಿ, ಒದ್ದೆ ಹತ್ತಿ ಒಂದು ಚೂರು ಇಟ್ಟು, ಪ್ಲಾಸ್ಟಿಕ್ ಚೀಲ ಹಾಕಿ ಬುಡದಲ್ಲಿ ಕಟ್ಟುತ್ತೇವೆ. ಈ ಪ್ಲಾಸ್ಟಿಕ್ ಚೀಲದಲ್ಲೇ ಇರೋದು ಉಪಾಯ. ಒಳಗೆ ತೇವ ತುಂಬಿರುತ್ತದೆ. ಆ ತೇವದಲ್ಲಿ ಹೂವು ಬಾಯಿ ಬಿಡುತ್ತದೆ, ಪರಾಗದ ಚೀಲಗಳೂ ಹೊರಗೆ ಬರುತ್ತವೆ, ಆದರೆ ಒಡೆಯುವುದಿಲ್ಲ. ಒಡೆಯಬೇಕಾದರೆ ಅವು ಒಣಗಬೇಕು.

ಆಮೇಲೆ ಊಟ. ಮನೆಯಿಂದ ಮುದ್ದೆ, ಹುರುಳಿ ಬಸ್ಸಾರು ಕಟ್ಟಿಸಿಕೊಂಡು ಬಂದಿರುತ್ತಿದ್ದೆವು. ಸ್ವಲ್ಪ ಹೊತ್ತು ಶೆಡ್ಡಿನಲ್ಲಿ ಮಲಗುವುದು. ಒಂದೂವರೆಗೆ ಅಕ್ಕ ಎಬ್ಬಿಸುತ್ತಿದ್ದರು. ಅವರು ಮಲಗುತ್ತಿದ್ದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ತಾಕಿಗೆ ಇಳಿದರೆ ಇಬ್ಬನಿಗೆ ಮೊಣಕಾಲವರೆಗೆ ಒದ್ದೆ. ಅಂಬಾಜಿದುರ್ಗದ ಬೆಟ್ಟ ಕಪ್ಪಗೆ ನಿಂತಿರುತ್ತದೆ. ಊರ ಕಡೆ ಒಂದೆರಡು ದೀಪ. ಎಲ್ಲೋ ದೂರದಲ್ಲಿ ಯಾರದ್ದೋ ಬೋರ್‌ವೆಲ್ ಮೋಟಾರಿನ ಸದ್ದು. ನಾವು ಪೀಠದಷ್ಟು ಎತ್ತರದ ಸ್ಟೂಲ್ ಹಾಕಿಕೊಂಡು ಗಿಡದ ಪಕ್ಕ ಕೂರುತ್ತೇವೆ. ತಲೆಗೆ ಕಟ್ಟಿದ ಟಾರ್ಚ್. ಒಂದು ಕೈಯಲ್ಲಿ ತೆನೆ, ಇನ್ನೊಂದರಲ್ಲಿ ಸಣ್ಣ ಚಿಮಟ. ಕಣ್ಣಿಗೆ ದೊಡ್ಡದು ಮಾಡಿ ತೋರಿಸುವ ಕನ್ನಡಕ.

ಪ್ಲಾಸ್ಟಿಕ್ ಚೀಲ ತೆಗೆದ ಕೂಡಲೇ ಕೆಲಸ ಶುರು. ಟಾರ್ಚ್ ಬೆಳಕಿನಲ್ಲಿ ಇಲುಕಿನ ಉದ್ದಕ್ಕೂ ನೀರಿನ ಹನಿಗಳು. ಹನಿಗಳ ನಡುವೆ ಬಾಯಿ ಬಿಟ್ಟ ಹೂವುಗಳು. ಒಂದೊಂದರಿಂದಲೂ ಮೂರು ತಿಳಿ ಹಳದಿ ಚೀಲ, ದಾರಕ್ಕಿಂತ ಸಣ್ಣ ಎಳೆಯಲ್ಲಿ ನೇತಾಡುತ್ತಿರುತ್ತವೆ. ಒಳಗೆ ಬಿಳಿ ಗರಿ. ಮೊದಲ ರಾತ್ರಿ ಇದನ್ನು ನೋಡಿದಾಗ ನಾನು ಕೆಲಸ ಮರೆತು ಸುಮ್ನೆ ಕೂತುಬಿಟ್ಟೆ. ಇಷ್ಟು ವರ್ಷ ಉಂಡ ಅನ್ನದ ಹೂವು ಇದು. "ಬೇಗ ತೆಗಿಯಮ್ಮ, ಒಣಗ್ತದೆ" ಅಂತ ಅಕ್ಕ ಅಂದಾಗಲೇ ಎಚ್ಚರ.

ಪ್ಲಾಸ್ಟಿಕ್ ಚೀಲ ತೆಗೆದರೆ ತೇವ ಹೋಗುತ್ತದೆ. ಗಾಳಿ ಇದ್ದರೆ ಐದಾರು ನಿಮಿಷದಲ್ಲೇ ಪರಾಗದ ಚೀಲ ಒಡೆಯಲು ಶುರು. ಅಷ್ಟರೊಳಗೆ ಮೂರನ್ನೂ ಎಳೆಯಬೇಕು. ಎರಡು ಬಂದು ಒಂದು ಉಳಿದರೆ ಆ ಹೂವೇ ವ್ಯರ್ಥ. ಅಂಥ ಹೂವನ್ನು ಪೂರ್ತಿ ಕಿತ್ತುಹಾಕಬೇಕು, ಇಲ್ಲದಿದ್ದರೆ ಅದು ಪಕ್ಕದವನ್ನೂ ಕೆಡಿಸುತ್ತದೆ. ಚಿಮಟದಿಂದ ಚೀಲ ಹಿಸುಕಿದರೆ ಅಲ್ಲೇ ಪರಾಗ ಚೆಲ್ಲುತ್ತದೆ. ಚೀಲ ಮುಟ್ಟದೆ ಅದರ ಎಳೆಯನ್ನು ಹಿಡಿದು ಎಳೆಯಬೇಕು. ನನಗೆ ಅದು ಬರಲು ಮೂರು ರಾತ್ರಿ ಬೇಕಾಯಿತು. ಅಕ್ಕನಿಗೆ ಅರ್ಧ ಗಂಟೆ. ಅವರು ಚಿಮಟ ಬಿಟ್ಟು, ಬಿದಿರು ಕಡ್ಡಿಯ ತುದಿಗೆ ಅಂಟಿಸಿದ ಹೊಲಿಗೆ ಸೂಜಿ ಹಿಡಿದರು. ಅದರ ತುದಿಗೆ ನೀರು ಅದ್ದಿ, ಎಳೆಯನ್ನು ಸೂಜಿಗೆ ಅಂಟಿಸಿ ಹಾಗೇ ಎತ್ತಿಬಿಡುತ್ತಿದ್ದರು. ಒಂದು ಹೂವಿಗೆ ಹತ್ತು ಸೆಕೆಂಡ್ ಕೂಡ ಇಲ್ಲ. ಮಾರನೇ ದಿನ ನಾನೂ ಸೂಜಿ ಹಿಡಿದೆ. ನನ್ನ ಪ್ರಬಂಧದಲ್ಲಿ ವಿಧಾನ ಅನ್ನೋ ಅಧ್ಯಾಯದಲ್ಲಿ ಈ ಸೂಜಿಯ ಬಗ್ಗೆ ಬರೆದಿದ್ದೇನೆ. ಯಾರು ಕಂಡುಕೊಂಡಿದ್ದು ಅಂತಲೂ ಬರೆದಿದ್ದೇನೆ.

ಒಂದು ಇಲುಕು ಮುಗಿದ ಕೂಡಲೇ ಕುಂಡ ಎತ್ತಿ ತರುವುದು. ತಂದೆ ಗಿಡಕ್ಕೆ ಚೀಲ ಹಾಕಿರುವುದಿಲ್ಲ, ಹಾಗಾಗಿ ಎರಡು, ಎರಡೂವರೆಗೆ ಅದರ ಪರಾಗ ಒಡೆಯುತ್ತಿರುತ್ತದೆ. ಆ ತೆನೆಯನ್ನು ತಾಯಿಯ ಇಲುಕಿನ ಮೇಲೆ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಬೇಕು. ಟಾರ್ಚ್ ಅಡ್ಡಕ್ಕೆ ಹಿಡಿದರೆ ಪರಾಗ ಬೀಳೋದು ಕಾಣುತ್ತದೆ. ಹಿಟ್ಟು ಜರಡಿ ಹಿಡಿದಾಗ ಮೇಲೇಳುವ ಪುಡಿಯ ಹಾಗೆ. ಎರಡು ಸಲ ತಟ್ಟಿ, ಬಟರ್ ಪೇಪರ್ ಚೀಲ ಹಾಕಿ, ಪಿನ್ ಮಾಡಿ, ಟ್ಯಾಗಿನಲ್ಲಿ ಪೆನ್ಸಿಲ್‌ನಿಂದ ದಿನಾಂಕ, ಗಂಟೆ, ಹೂವಿನ ಲೆಕ್ಕ. ಪೆನ್ನಿನಿಂದ ಬರೆದರೆ ಇಬ್ಬನಿಗೆ ಅಳಿಸಿಹೋಗುತ್ತದೆ. ನಾಲ್ಕೂವರೆ ಹೊತ್ತಿಗೆ ಕೈ ನಿಲ್ಲಿಸುತ್ತಿದ್ದೆವು. ಒಳ್ಳೆಯ ರಾತ್ರಿ ಅಂದರೆ ಇಬ್ಬರೂ ಸೇರಿ ನೂರಿಪ್ಪತ್ತು ಹೂವು.

ಎರಡು ರಾತ್ರಿ ಮಳೆ ಬಂತು. ಒದ್ದೆಯಾದ ಪರಾಗ ಗಂಟು ಕಟ್ಟುತ್ತದೆ, ಉಪಯೋಗಕ್ಕಿಲ್ಲ. ಆ ಎರಡು ರಾತ್ರಿ ಸಂಜೆಯ ತಯಾರಿಯೆಲ್ಲ ನೀರುಪಾಲು. ಆಯುಧಪೂಜೆಯೂ ಆ ನಡುವೆಯೇ ಬಂತು. ಅಕ್ಕ ಕುಡುಗೋಲು, ಕುಂಟೆ, ಕೂರಿಗೆ ಜೊತೆಗೆ ನಮ್ಮ ಎರಡು ಸೂಜಿಗಳನ್ನೂ ತೊಳೆದಿಟ್ಟು ಕುಂಕುಮ ಹಚ್ಚಿದರು. ಆ ರಾತ್ರಿಯೂ ಕೆಲಸ ಇತ್ತು. ಪೂಜೆಗೆ ಇಟ್ಟ ಆಯುಧ ಅವತ್ತು ಮುಟ್ಟಬಾರದಲ್ವಾ, ಅದಕ್ಕೆ ಬೇರೆ ಎರಡು ಸೂಜಿ ಮೊದಲೇ ತೆಗೆದಿಟ್ಟಿದ್ದರು.

ಹದಿಮೂರು ರಾತ್ರಿ ಹೀಗೆ ಕೂತೆವು. ನವೆಂಬರಿನಲ್ಲಿ ತೆನೆ ಕೊಯ್ದು, ಒಂದೊಂದು ಇಲುಕನ್ನು ಒಂದೊಂದು ಕಾಗದದ ಕವರಿನಲ್ಲಿ ಅಂಗೈಯಲ್ಲೇ ಉಜ್ಜಿದೆ. ಒಂದು ಕವರಿನಲ್ಲಿ ಇಪ್ಪತ್ತಮೂರು ಕಾಳು, ಒಂದರಲ್ಲಿ ಒಂಬತ್ತು, ಕೆಲವು ಖಾಲಿ. ಒಟ್ಟು 386. ಹಿಂದಿನ ವರ್ಷ ಸಾವಿರಾರು ಇತ್ತು. ಈ ಸಲ ಮನೆಗೆ ಫೋನ್ ಮಾಡಲಿಲ್ಲ.

ಜನವರಿಯಲ್ಲಿ ಟ್ರೇಯಲ್ಲಿ ಹಾಕಿದೆ. ಐದನೇ ದಿನಕ್ಕೆ ಮೊಳಕೆ ಮೇಲೆ ಬಂತು. ಸಸಿ ಸೂಜಿ ದಪ್ಪ ಇರುವಾಗ ಬಣ್ಣ ಹೇಳುವುದು ಕಷ್ಟ. ಚಳಿಗೆ ಕೆಲವು ಹಸಿರು ಸಸಿಗಳ ಬುಡವೂ ಸ್ವಲ್ಪ ಕೆಂಪಗೆ ಕಾಣುತ್ತದೆ, ಮೋಸ ಹೋಗಬಾರದು. ಅದಕ್ಕೆ ಪಕ್ಕದ ಟ್ರೇಯಲ್ಲಿ ಬರೀ ತಾಯಿ, ಬರೀ ತಂದೆ ಸಸಿಗಳನ್ನೂ ಹಾಕಿಕೊಂಡಿದ್ದೆ, ಹೋಲಿಸಿ ನೋಡಲು.

ಹದಿನೇಳನೇ ದಿನ ಬೆಳಿಗ್ಗೆ, ಮೂರನೇ ಟ್ರೇ, ಎಡಗಡೆಯಿಂದ ಎರಡನೇ ಸಾಲು. ಎಲೆ ಕಾಂಡಕ್ಕೆ ಸೇರುವ ಜಾಗದಲ್ಲಿ ಒಂದು ಗೆರೆ. ನೇರಳೆಹಣ್ಣು ತಿಂದ ಮೇಲೆ ತುಟಿಯಲ್ಲಿ ಉಳಿಯುವ ಬಣ್ಣ. ಬೆರಳು ಒದ್ದೆ ಮಾಡಿ ಉಜ್ಜಿದೆ, ಮಣ್ಣಿನ ಕಲೆ ಇರಬಹುದು ಅಂತ. ಹೋಗಲಿಲ್ಲ. ತಂದೆ ಟ್ರೇಯಿಂದ ಒಂದು ಸಸಿ ಕಿತ್ತು ಪಕ್ಕದಲ್ಲಿ ಹಿಡಿದೆ. ಅದೇ ಬಣ್ಣ. ಅಕ್ಕನನ್ನು ಕೂಗಿದೆ. ಅವರು ಓಡಿ ಬಂದು ನೋಡಿದರು. ಏನೂ ಹೇಳಲಿಲ್ಲ, ನನ್ನ ತಲೆ ಮೇಲೆ ಕೈ ಇಟ್ಟರು. ತಿಂಗಳು ಮುಗಿಯುವಷ್ಟರಲ್ಲಿ ಇಪ್ಪತ್ತೊಂದು ಸಸಿ ಹೀಗೆ ನೇರಳೆ ಆದವು. ಇಪ್ಪತ್ತೊಂದು ತುಂಬಾ ಕಡಿಮೆ ಅನ್ನಿಸಬಹುದು. ನಿಜ ಹೇಳಬೇಕೆಂದರೆ ಒಂದೇ ಸಾಕಿತ್ತು. ಒಂದು ಗಿಡ ತೆನೆ ಬಿಟ್ಟರೆ ಅದರ ತುಂಬಾ ಎರಡೂ ಕಡೆಯ ರಕ್ತ ಬೆರೆತ ಸಾವಿರಾರು ಕಾಳು.

ಬಣ್ಣ ನೋಡಿ ನಂಬಿದರೂ ಪ್ರಯೋಗಾಲಯದಲ್ಲಿ ಇನ್ನೊಂದು ಸಲ ಖಾತ್ರಿ ಮಾಡಿಕೊಳ್ಳಬೇಕು. ಒಂದೊಂದು ಸಸಿಯಿಂದ ಬೆರಳುದ್ದ ಎಲೆ ಕತ್ತರಿಸಿ, ಐಸ್ ಡಬ್ಬಿಯಲ್ಲಿ ಇಟ್ಟುಕೊಂಡು, ಕೆಂಪು ಬಸ್ಸಿನಲ್ಲಿ ಹೊಸಕೋಟೆ ಮೇಲೆ ಬೆಂಗಳೂರಿಗೆ ಹೋದೆ. ಡಬ್ಬಿ ಮಡಿಲಿನಲ್ಲೇ ಇತ್ತು. ಎಲೆ ಅರೆದು, 65 ಡಿಗ್ರಿ ಬಿಸಿಯಲ್ಲಿ ದ್ರಾವಣದ ಜೊತೆ ಇಟ್ಟು, ಕ್ಲೋರೋಫಾರಂ ಹಾಕಿ ಕಸ ಬೇರೆ ಮಾಡಿ, ತಣ್ಣಗಿನ ಆಲ್ಕೋಹಾಲ್ ಸೇರಿಸಿದರೆ ಡಿಎನ್‌ಎ ಬಿಳಿ ನೂಲಿನ ಹಾಗೆ ತೇಲುತ್ತದೆ. ಆಮೇಲೆ ಪಿಸಿಆರ್, ಅಂದರೆ ಡಿಎನ್‌ಎಯ ಒಂದು ಗುರುತಿನ ಭಾಗವನ್ನು ಲಕ್ಷಾಂತರ ಪ್ರತಿ ಮಾಡುವುದು. ಆಮೇಲೆ ಜೆಲ್, ಅದರಲ್ಲಿ ಆ ಚೂರುಗಳು ಉದ್ದಕ್ಕೆ ತಕ್ಕ ಹಾಗೆ ಬೇರೆಯಾಗಿ ಗೆರೆಗಳಾಗಿ ಕಾಣುತ್ತವೆ. ತಾಯಿಯ ಗೆರೆ ಒಂದು ಎತ್ತರದಲ್ಲಿ, ತಂದೆಯದು ಇನ್ನೊಂದರಲ್ಲಿ. ಕ್ರಾಸ್ ನಿಜ ಆಗಿದ್ದರೆ ಮಗುವಿನಲ್ಲಿ ಎರಡೂ ಇರಬೇಕು. ರಾಗಿಯಲ್ಲಿ ಒಂದು ತೊಡಕಿದೆ. ಅದರ 36 ವರ್ಣತಂತುಗಳು ಹಳೆಯ ಕಾಲದಲ್ಲಿ ಎರಡು ಬೇರೆ ಬೇರೆ ಹುಲ್ಲುಗಳು ಕೂಡಿದ್ದರಿಂದ ಬಂದವು. ಹಾಗಾಗಿ ಕೆಲವು ಗುರುತುಗಳಲ್ಲಿ ಒಂದೇ ತಳಿಗೂ ಎರಡು ಗೆರೆ ಬರುತ್ತವೆ, ಯಾವುದು ಯಾರದ್ದು ಅಂತ ತಿಳಿಯುವುದಿಲ್ಲ. ನಾಲ್ಕು ಗುರುತು ಬಿಟ್ಟು ಐದನೆಯದರಲ್ಲಿ ಸ್ಪಷ್ಟವಾಗಿ ಕಂಡಿತು. ಇಪ್ಪತ್ತೊಂದರಲ್ಲಿ ಇಪ್ಪತ್ತು ನಿಜವಾದ ಕ್ರಾಸ್. ಒಂದು ಯಾಕೋ ಸರಿ ಕಾಣಲಿಲ್ಲ, ಬಿಟ್ಟೆವು.

ಈಗೆಲ್ಲ ಡಿಎನ್‌ಎ ಮಾಹಿತಿ ಬೇಕಾದಷ್ಟಿದೆ. 2017ರಲ್ಲಿ ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳೇ ಮುಂದೆ ನಿಂತು ಎಂಎಲ್-365 ಅನ್ನೋ ರಾಗಿ ತಳಿಯ ಜೀನೋಮ್, ಅಂದರೆ ಅದರ ಡಿಎನ್‌ಎಯ ಪಟ್ಟಿ, ಪ್ರಕಟಿಸಿದರು. ಆ ಪಟ್ಟಿ ತೆರೆದು ಕೂತರೆ ಯಾವ ಜೀನ್ ಎಲ್ಲಿದೆ ಅಂತ ಹುಡುಕಬಹುದು. ನನ್ನ ಕೆಲಸಕ್ಕೂ ಅದು ತುಂಬಾ ಆಸರೆ. ಆದರೆ ಎರಡು ರಾಗಿಯನ್ನು ಕೂಡಿಸಲು ಇವತ್ತಿಗೂ ಯಾರಾದರೂ ರಾತ್ರಿ ಎರಡು ಗಂಟೆಗೆ ಹೋಗಿ ಗಿಡದ ಪಕ್ಕ ಕೂರಲೇಬೇಕು. ಪ್ರಯೋಗಾಲಯ ಅಂದರೆ ಬಿಳಿ ಕೋಟು, ಗಾಜಿನ ಕೊಳವೆ ಅಂದುಕೊಳ್ಳುವ ನನ್ನ ಊರಿನ ಹುಡುಗಿಯರಿಗೆ ನಾನು ಇದನ್ನು ಹೇಳುತ್ತಲೇ ಇರುತ್ತೇನೆ. ಹೊಲದಲ್ಲಿ ಪಳಗಿದ ನಿಮ್ಮ ಕೈಗೆ ಅಲ್ಲಿ ಜಾಗ ಇದೆ, ಬನ್ನಿ ಅಂತ.

ಆ ಇಪ್ಪತ್ತು ಗಿಡಗಳ ಕಾಳು ಈ ಮಳೆಗಾಲದಲ್ಲಿ ನೆಲಕ್ಕೆ ಬಿತ್ತು. ಎರಡನೇ ತಲೆಮಾರು. ತಾಯಿ ತಂದೆಯ ಗುಣಗಳು ಒಡೆದು ಬೇರೆ ಬೇರೆ ಆಗೋದು ಇಲ್ಲೇ. ಲೆಕ್ಕಕ್ಕೆ ಹಿಡಿದ ಮೊದಲ ಸಾಲುಗಳಲ್ಲಿ 412 ಗಿಡ, ಅದರಲ್ಲಿ 308 ನೇರಳೆ, 104 ಹಸಿರು. ಮೂರಕ್ಕೆ ಒಂದು, ಪಾಠದಲ್ಲಿ ಓದಿದ ಹಾಗೇ. ನಡುನಡುವೆ ರೋಗಕ್ಕೆ ಬೇಗ ತುತ್ತಾಗುವ ಉದುರು ಮಲ್ಲಿಗೆ ಅನ್ನೋ ತಳಿಯ ಸಾಲುಗಳನ್ನು ಹಾಕಿದ್ದೆವು, ಬೆಂಕಿ ರೋಗ ಬರಲಿ ಅಂತಲೇ. ಬಂತು. ಉದುರು ಮಲ್ಲಿಗೆಯ ಕುತ್ತಿಗೆ ಕಪ್ಪಾಗಿ ಜೋತು ಬಿದ್ದವು. ನಮ್ಮ ಸಾಲುಗಳಲ್ಲಿ ಕೆಲವು ಬಿದ್ದವು, ಕೆಲವು ಅರ್ಧ ಕಪ್ಪಾದವು, ಕೆಲವು ಹಸಿರು ಕುತ್ತಿಗೆ ಹೊತ್ತು ನೆಟ್ಟಗೆ ನಿಂತವು. ಇವು ತಳಿ ಅನ್ನಿಸಿಕೊಳ್ಳಲು ಇನ್ನೂ ಏಳೆಂಟು ವರ್ಷ ಬೇಕು. ಪ್ರತಿ ತಲೆಮಾರಿನಲ್ಲೂ ಆರಿಸುತ್ತಾ ಹೋಗಬೇಕು.

ಹೋದ ವಾರ ಅಜ್ಜಿಯನ್ನು ತಾಕಿಗೆ ಕರೆದುಕೊಂಡು ಹೋಗಿದ್ದೆ. ಅಪ್ಪ ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದರು. ಅಕ್ಕ ಅವಳ ಕೈ ಹಿಡಿದು ಸಾಲುಗಳ ನಡುವೆ ನಡೆಸಿದರು. ಅಜ್ಜಿ ತೆನೆ ನೋಡಲಿಲ್ಲ. ಬಗ್ಗಿ, ಗಿಡದ ಬುಡದ ಹತ್ತಿರ ಕಾಂಡವನ್ನು ಎರಡು ಬೆರಳಲ್ಲಿ ಒತ್ತಿ ನೋಡುತ್ತಾ ಹೋದಳು. ಒಂದು ಎತ್ತರದ ಗಿಡದ ಹತ್ತಿರ ನಿಂತಳು. ಕುತ್ತಿಗೆ ಹಸಿರು, ತೆನೆ ಮುಷ್ಟಿ ಹಿಡಿದ ಹಾಗೆ ಒಳಗೆ ಬಾಗಿದೆ, ಗಿಣ್ಣು ನೇರಳೆ. "ಇದರ ಹುಲ್ಲು ಮೆತ್ತಗಿದೆ. ದನ ತಿಂತಾವೆ" ಅಂದಳು. ಅಕ್ಕ ಸೊಂಟದಿಂದ ಟ್ಯಾಗ್ ತೆಗೆದು ನನ್ನ ಕೈಗೆ ಕೊಟ್ಟರು. ನಾನು ಪೆನ್ಸಿಲ್ ತೆಗೆದು ನಂಬರ್ ಬರೆದು ಕಟ್ಟಿದೆ. ಅಜ್ಜಿ ಆಗಲೇ ಮುಂದಿನ ಗಿಡದ ಬುಡ ಒತ್ತಿ ನೋಡುತ್ತಿದ್ದಳು.